ಹಲ್ಲಣವೂ ಹರಿಗೋಲೂ
(ಆಕಾಶವಾಣಿ ಭಾಷಣ)

ಕುದುರೆಯ ವಿಷಯದಲ್ಲಿ ಕನ್ನಡಕ್ಕೆ ಮಾತಿನ ಬಡತನವಿಲ್ಲ. ನಮ್ಮ ಹಳೆಯ ಕಾವ್ಯಗಳ ಯುದ್ಧವರ್ಣನೆಯ ಭಾಗಗಳನ್ನು ತೆರೆದರೆ ತುರಗ, ಹಯ, ವಾಜಿ, ಅಶ್ವ ಎಂದು ಕುದುರೆಗಳು ಪುಟದಿಂದ ಪುಟಕ್ಕೆ ನೆಗೆಯುತ್ತವೆ. ಸುಮಾರು ೧೪೦೦ರ ಹೊತ್ತಿಗೆ ಅಭಿನವಚಂದ್ರನೆಂಬಾತ ಕುದುರೆಯ ವೈದ್ಯವನ್ನು ಕುರಿತು ಕನ್ನಡದಲ್ಲಿ ಒಂದು ಶಾಸ್ತ್ರಗ್ರಂಥವನ್ನೇ ಬರೆದ. ಕುದುರೆಯ ಬೆನ್ನಿಗೆ ಬಿಗಿಯುವ ಪೀಠಕ್ಕೂ ನಮ್ಮಲ್ಲಿ ಒಂದಲ್ಲ, ಮೂರು ಹೆಸರು. ಹಲ್ಲಣವೆಂಬುದು ಹಳಗನ್ನಡದ ಪಲ್ಲಣ. ಅದರ ಹಿಂದೆ ಸಂಸ್ಕೃತದ ಪರ್ಯಾಣವಿದೆ. ಜೀನು ಪಾರಸಿಯವರು ತಂದದ್ದು. ತಡಿಯೆಂಬುದು ಇವೆರಡರ ನಡುವೆ ಹಳ್ಳಿಗರ ಬಾಯಲ್ಲಿ ಉಳಿದುಬಂದದ್ದು. ಕಾಲಿಡುವ ಬಳೆಗೆ ಅಂಕವಣೆ, ರಿಕಾಪು. ಬಾಯಿಗೆ ಕಡಿವಾಣ, ಲಗಾಮು. ೧೮೯೪ರ ಕಿಟ್ಟೆಲ್ ನಿಘಂಟನ್ನು ತಿರುವಿಹಾಕಿದರೆ ಈ ಸಂಪತ್ತು ಯಾರಿಗಾದರೂ ಕಾಣುತ್ತದೆ.

ಆದರೆ ಈ ಹೆಸರುಗಳೆಲ್ಲ ಹಲ್ಲಣವನ್ನು ಏರಿದವನ ಕಡೆಯಿಂದ ಬಂದವು. ಅದನ್ನು ಕೊಯ್ದು ಹೊಲಿದವನಿಗೆ ಗೊತ್ತಿದ್ದ ಸಂಗತಿಗಳೇ ಬೇರೆ. ಯಾವ ಪ್ರಾಣಿಯ ಚರ್ಮ, ಅದರ ಯಾವ ಭಾಗ, ಎಷ್ಟು ದಪ್ಪ, ಯಾವ ತೊಗಟೆಯಲ್ಲಿ ಹದಮಾಡಿದ್ದು, ಯಾವ ಮಗ್ಗುಲು ಮೇಲೆ ಬರಬೇಕು, ಇವು ಆತನ ಶಾಸ್ತ್ರ. ಕುದುರೆಯ ರೋಗಕ್ಕೆ ಗ್ರಂಥ ಬಂತು. ಕುದುರೆಯ ಬೆನ್ನನ್ನು ಹುಣ್ಣಾಗದಂತೆ ಕಾಯುವ ಹಲ್ಲಣಕ್ಕೆ ಅಂಥ ಗ್ರಂಥ ಅದನ್ನು ಹೊಲಿದವನ ಕೈಯಿಂದ ಬರಲಿಲ್ಲ. ಈ ಹೊತ್ತು ನಾನು ಹೇಳಹೊರಟಿರುವುದು ದೂರದ ಅಮೆರಿಕದಲ್ಲಿ ರೂಢಿಯಲ್ಲಿರುವ ಒಂದು ಬಗೆಯ ಹಲ್ಲಣದ ವಿಚಾರ. ಆದರೆ ಅದು ನನ್ನನ್ನು ಸುತ್ತಿಸಿಕೊಂಡು ಬಂದು ನಿಲ್ಲಿಸಿದ್ದು ನಮ್ಮ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿಯೇ.

ಈಚೆಗೆ ಕುದುರೆ ಸಾಕಿರುವ ಪರಿಚಿತರೊಬ್ಬರಲ್ಲಿ, ಅಲ್ಲಿನವರು ವೆಸ್ಟರ್ನ್ ಸ್ಯಾಡಲ್ ಎನ್ನುವ ಮಾದರಿಯ ಹಲ್ಲಣವೊಂದನ್ನು ಮುಟ್ಟಿ ನೋಡುವ ಅವಕಾಶ ನನಗೆ ಒದಗಿತು. ಕೈಯಿಂದಲೇ ಮಾಡಿದ್ದು. ಎತ್ತಹೋದರೆ ಹದಿನೈದು ಕಿಲೋಗೆ ಕಡಿಮೆಯಿರಲಿಲ್ಲ. ಪಂದ್ಯದ ಮೈದಾನಗಳಲ್ಲಿ ಕಾಣುವ ಇಂಗ್ಲಿಷ್ ಮಾದರಿಯ ಜೀನು ಇದರ ಮುಂದೆ ಅಂಗೈಯಷ್ಟು. ಇದಾದರೋ ಮುಂದೆ ಉಬ್ಬಿ, ಹಿಂದೆ ಎದ್ದು, ನಡುವೆ ತಗ್ಗಿ, ಎರಡು ಮಗ್ಗುಲಲ್ಲಿಯೂ ಅಗಲವಾದ ಚರ್ಮದ ಹಲಗೆಗಳನ್ನು ಇಳಿಬಿಟ್ಟುಕೊಂಡು ಒಂದು ಸಿಂಹಾಸನದ ಹಾಗೆ ಕುಳಿತಿತ್ತು. ಮುಂಭಾಗದಲ್ಲಿ ಗಿಡ್ಡನೆಯ ಒಂದು ಕೊಂಬು. ಅದು ಹಿಡಿದುಕೊಳ್ಳುವುದಕ್ಕೆಂದು ಭಾವಿಸಿದ್ದೆ, ಹಾಗಲ್ಲವಂತೆ. ಓಡುವ ದನದ ಕೊರಳಿಗೆ ಹಗ್ಗವೆಸೆದು, ಆ ಹಗ್ಗದ ತುದಿಯನ್ನು ಈ ಕೊಂಬಿಗೆ ಸುತ್ತಿ ನಿಲ್ಲಿಸುವುದಕ್ಕಾಗಿ ಅದು ಇದೆ.

ಸಿಂಹಾಸನವೆಂದೆನಲ್ಲವೆ? ಅದು ದನ ಕಾಯುವವನ ಸಿಂಹಾಸನ. ಸ್ಪೇನಿನವರು ಮೆಕ್ಸಿಕೋ ದೇಶಕ್ಕೆ ಕುದುರೆಗಳನ್ನೂ ದನಗಳನ್ನೂ ಒಯ್ದರು. ಅಲ್ಲಿನ ದನಗಾಹಿಗಳಾದ ವಕೇರೋಗಳು ಯುದ್ಧದ ಜೀನನ್ನು ತಮ್ಮ ಕಸುಬಿಗೆ ತಕ್ಕಂತೆ ಬದಲಿಸಿಕೊಂಡರು. ಅವರಿಂದ ಅದು ಉತ್ತರದ ಬಯಲುಗಳ ಕೌಬಾಯ್‌ಗಳಿಗೆ ಬಂತು. ನಮ್ಮ ಸೀಮೆಯೂ ದನಗಳ ಸೀಮೆಯೇ. ಮೈಸೂರು ಅರಸರ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ಆ ಇಲಾಖೆ, ತನ್ನ ಮಂದೆಗಳಿಗೆ ಕಾವಲುಗಳನ್ನು ಕಾದಿಟ್ಟದ್ದು ಹಾಸನದ ಕಡೆಯಲ್ಲಿಯೂ ಉಂಟು. ಆದರೆ ನಮ್ಮ ದನಗಾಹಿ ಕುದುರೆ ಏರಿದವನಲ್ಲ. ಕಂಬಳಿ ಹೆಗಲಿಗೆ, ಕೋಲು ಕೈಗೆ, ಕಾಲು ನೆಲಕ್ಕೆ. ಕುದುರೆ ಇಲ್ಲಿ ಪಾಳೆಯಗಾರನದು, ದಂಡನಾಯಕನದು, ದೇವರ ಉತ್ಸವದ್ದು. ಆದಕಾರಣವೇ ನಮ್ಮಲ್ಲಿ ಹಲ್ಲಣವೆಂದರೆ ಮೆರೆಯುವ ವಸ್ತುವಾಯಿತು, ಅವರಲ್ಲಿ ದುಡಿಯುವ ವಸ್ತುವಾಯಿತು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಅದನ್ನು ಮಾಡುವ ಬಗೆ. ಒಳಗೆ ಒಂದು ಮರದ ಹಂದರವಿರುತ್ತದೆ. ಕುದುರೆಯ ಬೆನ್ನೆಲುಬಿನ ಎರಡು ಕಡೆಗೆ ಮಲಗುವ ಎರಡು ಉದ್ದನೆಯ ಹಲಗೆಗಳು, ಅವನ್ನು ಮುಂದೆ ಕೂಡಿಸುವ ಕವಲು, ಹಿಂದೆ ಕೂಡಿಸುವ ಕಮಾನು. ಸವಾರನ ಭಾರವೆಲ್ಲ ಆ ಎರಡು ಹಲಗೆಗಳ ಮೇಲೆ ಹಂಚಿಹೋಗಬೇಕು. ಬೆನ್ನೆಲುಬನ್ನು ಏನೂ ಮುಟ್ಟಕೂಡದು. ಮೂಕಪ್ರಾಣಿಯ ಬೆನ್ನ ಅಳತೆ ತಪ್ಪಿದರೆ ಮೇಲಿನ ಕುಸುರಿಯೆಲ್ಲ ವ್ಯರ್ಥ. ಹೀಗೆ ಕೂಡಿಸಿದ ಮರದ ಹಂದರಕ್ಕೆ ಹದಮಾಡದ ಹಸಿಯ ಚರ್ಮವನ್ನು ನೀರಲ್ಲಿ ನೆನೆಸಿ, ಎಳೆದು ಹೊದಿಸಿ, ಹೊಲಿದು ಒಣಗಲು ಬಿಡುತ್ತಾರೆ. ಒಣಗುತ್ತ ಒಣಗುತ್ತ ಚರ್ಮ ಕುಗ್ಗಿ ಮರವನ್ನು ಬಿಗಿಹಿಡಿಯುತ್ತದೆ. ಓಡುವ ಹೋರಿ ಹಗ್ಗವನ್ನು ಜಗ್ಗಿದಾಗ ಹಂದರ ಸಿಡಿದುಹೋಗದಂತೆ ತಡೆಯುವ ಬಲದಲ್ಲಿ ಬಹುಪಾಲು ಈ ಬಿಗಿತದ್ದು.

ಇದನ್ನು ಕೇಳಿದೊಡನೆ ನನಗೆ ನೆನಪಾದದ್ದು ಹರಿಗೋಲು. ಅರಕಲಗೂಡಿನ ಕಡೆ ಕಾವೇರಿಯನ್ನೂ ಹೊಳೆನರಸೀಪುರದ ಕಡೆ ಹೇಮಾವತಿಯನ್ನೂ ಸೇತುವೆಗಳಿಲ್ಲದ ಕಾಲದಲ್ಲಿ ನಮ್ಮ ಜನ ದಾಟಿದ್ದು ಏತರಲ್ಲಿ? ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಹರಿಗೋಲಿನಲ್ಲಿ. ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಹಿಂದೆ ಎಮ್ಮೆಯ ಚರ್ಮವೇ ಗತಿ. ಹಗುರವಾದ ಹಂದರ, ಅದರ ಮೇಲೆ ಎಳೆದು ಬಿಗಿದ ತೊಗಲು. ವಯೋಮಿಂಗ್ ಪ್ರಾಂತದ ಹಲ್ಲಣಗಾರನೂ ಹೇಮಾವತಿಯ ದಡದ ಚರ್ಮಕಾರನೂ ಒಬ್ಬರನ್ನೊಬ್ಬರು ಕಂಡವರಲ್ಲ. ತಮಟೆಯ ಬಳೆಗೆ ತೊಗಲು ಬಿಗಿದು ಕಾಯಿಸುವವನಿಗೂ ಇದೇ ಗುಟ್ಟು ತಿಳಿದಿದೆ.

ಹಂದರದ ಮೇಲೆ ಬರುವುದು ಹದಮಾಡಿದ ಚರ್ಮ. ಸಾಮಾನ್ಯವಾಗಿ ಐದಾರು ಮಿಲಿಮೀಟರ್ ದಪ್ಪದ ಗಟ್ಟಿ ಚರ್ಮ. ಇಲ್ಲಿ ನಾನು ಸ್ವಲ್ಪ ನಿಧಾನಿಸಬೇಕು. ಹೇಳಬೇಕೆಂದಿರುವುದರ ತಿರುಳು ಇಲ್ಲಿಯೇ ಇದೆ.

ಪ್ರತಿಯೊಂದು ಚರ್ಮಕ್ಕೂ ಎರಡು ಮೈ. ಒಂದು ಕೂದಲಿದ್ದ ಮೈ, ಇನ್ನೊಂದು ಮಾಂಸಕ್ಕೆ ಅಂಟಿದ್ದ ಮೈ. ಕೂದಲಿದ್ದ ಮೈ ನಯವಾದದ್ದು, ಹೊಳಪು ಬರುವಂಥದು; ಲೋಕವೆಲ್ಲ ಅದನ್ನೇ ಹೊರಗಿಟ್ಟು ತೊಡುತ್ತದೆ. ಮಾಂಸದ ಮೈ ಒರಟು, ನವಿರೆದ್ದದ್ದು. ಅದನ್ನು ಒಳಗೆ ಅಡಗಿಸುವುದು ರೂಢಿ. ದುಡಿಯುವ ಹಲ್ಲಣದಲ್ಲಿ ಇದನ್ನು ತಿರುವುಮುರುವು ಮಾಡುತ್ತಾರೆ. ಇಡಿಯ ದಪ್ಪದ ಚರ್ಮವನ್ನೇ ಮಗುಚಿ, ಒರಟು ಮೈ ಹೊರಗೆ ಬರುವಂತೆ ಹೊದಿಸುತ್ತಾರೆ. ಇದಕ್ಕೆ ರಫ್‌ಔಟ್ ಎಂದು ಹೆಸರು. ಚರ್ಮವನ್ನು ಸೀಳಿ ತೆಗೆದ ಕೆಳಪದರದ ಅಗ್ಗದ ಸರಕಲ್ಲ ಇದು. ನಯವಾದ ಮೈಯೂ ಅಲ್ಲಿಯೇ ಇದೆ, ಅಡಿಗೆ ಮುಖಮಾಡಿದೆ, ಅಷ್ಟೆ. ಹೀಗೇಕೆಂದರೆ, ಪಳಗದ ಕುದುರೆ ಎಗರಿದಾಗ ನಯವಾದ ಪೀಠದ ಮೇಲೆ ಸವಾರ ಜಾರುತ್ತಾನೆ; ಒರಟು ಮೈ ಅವನ ತೊಡೆಯನ್ನು ಹಿಡಿದುಕೊಳ್ಳುತ್ತದೆ. ಮುಳ್ಳುಕಂಟಿಗಳ ನಡುವೆ ನುಗ್ಗಿದಾಗ ನಯದ ಮೈಯ ಮೇಲೆ ಪ್ರತಿಯೊಂದು ಗೀರೂ ಕಾಣುತ್ತದೆ. ಒರಟಿನ ಮೇಲೆ ಕಾಣದು.

ಒರಟು ಮೈಗೆ ಇನ್ನೊಂದು ಗುಣವೂ ಉಂಟು. ಸುಲಿಯುವಾಗ ಕತ್ತಿ ತಪ್ಪಿ ತಗುಲಿದ ಗಾಯಗಳು ಇರುವುದು ಆ ಮೈಯಲ್ಲಿಯೇ. ನಯದ ಮೈ ಪ್ರಾಣಿಯ ಬಾಳನ್ನು ಹೇಳುತ್ತದೆ: ಉಣ್ಣೆ ಕಚ್ಚಿದ ಕಲೆ, ಬೇಲಿ ಗೀರಿದ ಗೆರೆ, ನಮ್ಮ ಕಡೆಯ ದನವಾದರೆ ರೋಗಕ್ಕೆಂದು ಎಳೆದ ಬರೆ. ಒರಟು ಮೈ ಮನುಷ್ಯನ ಕೈಯನ್ನು ಹೇಳುತ್ತದೆ. ಸುಲಿದವನ ಕೈ ಎಷ್ಟು ಪಳಗಿದ್ದು, ಎಷ್ಟು ಅವಸರದ್ದು ಎಂಬುದು ಅಲ್ಲಿ ಬರೆದಿಟ್ಟಂತೆ ಇರುತ್ತದೆ. ಆದ್ದರಿಂದ ಒರಟು ಮೈಯನ್ನು ಹೊರಗಿಡುವ ಹಲ್ಲಣಗಾರ, ತನಗಿಂತ ಹಿಂದೆ ಅದೇ ಚರ್ಮವನ್ನು ಮುಟ್ಟಿದವನ ಕೆಲಸವನ್ನೂ ಲೋಕಕ್ಕೆ ತೋರಿಸುತ್ತಾನೆ. ಒಳ್ಳೆಯ ಸುಲಿತವಿಲ್ಲದೆ ಒಳ್ಳೆಯ ರಫ್‌ಔಟ್ ಇಲ್ಲ.

ಹಾಗೆಂದು ಅಲಂಕಾರವನ್ನು ಬಿಟ್ಟವರೇ ಅವರು? ಇಲ್ಲ. ಪೀಠ, ತೊಡೆಯ ಹಲಗೆ ಮೊದಲಾದ ಹಿಡಿತದ ಜಾಗಗಳಲ್ಲಿ ಒರಟು ಮೈಯನ್ನಿಟ್ಟು, ಅಂಚುಗಳಲ್ಲಿ, ಮೂಲೆಗಳಲ್ಲಿ, ಹಿಂದಿನ ಕಮಾನಿನ ಬೆನ್ನಲ್ಲಿ ನಯದ ಮೈಯನ್ನಿಟ್ಟು ಅದರ ಮೇಲೆ ಅಚ್ಚೊತ್ತುತ್ತಾರೆ. ನಾನು ಕಂಡದ್ದು ಈ ಬಗೆಯದು. ಅಂಚಿನ ತುಂಬ ಬುಟ್ಟಿಯ ಹೆಣಿಗೆಯ ಅಚ್ಚು. ಮೂಲೆಗಳಲ್ಲಿ ಸುತ್ತಿಕೊಂಡ ಬಳ್ಳಿ, ಐದೆಸಳಿನ ಕಾಡುಗುಲಾಬಿ. ಹೊಯ್ಸಳ ದೇಗುಲಗಳ ಬಳ್ಳಿಯ ಪಟ್ಟಿಕೆಗಳನ್ನು ನೋಡಿ ಬೆಳೆದ ಕಣ್ಣಿಗೆ ಆ ಬಳ್ಳಿ ಹೊಸದೆನಿಸಲಿಲ್ಲ. ಸುರುಳಿಯೊಳಗೊಂದು ಹೂ, ಹೂವಿನಿಂದ ಮತ್ತೊಂದು ಸುರುಳಿ. ಕಲ್ಲಿಗೂ ತೊಗಲಿಗೂ ಬಳ್ಳಿಯೊಂದೇ.

ಅಚ್ಚೊತ್ತುವ ಕ್ರಮ ಮಾತ್ರ ಕಲ್ಲಿನದಕ್ಕಿಂತ ಬೇರೆ. ಚರ್ಮವನ್ನು ನೀರಿನಿಂದ ತೇವಗೊಳಿಸಿ, ಸುಮ್ಮನೆ ಇಟ್ಟುಬಿಡುತ್ತಾರೆ. ನೀರು ಒಳಗೆಲ್ಲ ಇಳಿದು ಮೇಲ್ಮೈ ಮತ್ತೆ ತನ್ನ ಮೊದಲ ಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಕೆನ್ನೆಗೆ ಒತ್ತಿ ನೋಡುವುದೂ ಉಂಟು. ಬಣ್ಣ ಒಣಗಿದಂತೆ ಕಂಡರೂ ಕೆನ್ನೆಗೆ ತಣ್ಣಗಿರಬೇಕು, ಅದೇ ಹದ. ಮುಂಚೆ ಹೊಡೆದರೆ ಅಚ್ಚು ಕಲಸಿಹೋಗುತ್ತದೆ, ತಡವಾದರೆ ಮೂಡುವುದೇ ಇಲ್ಲ. ಹದ ಬಂದಮೇಲೆ ಚರ್ಮವನ್ನು ಕಲ್ಲಿನ ಚಪ್ಪಡಿಯ ಮೇಲಿರಿಸಿ, ಬೆರಳ ತುದಿಯಲ್ಲಿ ತಿರುಗುವ ಪುಟ್ಟ ಕತ್ತಿಯಿಂದ ಬಳ್ಳಿಯ ಗೆರೆಗಳನ್ನು ಕೊಯ್ಯುತ್ತಾರೆ. ಕೊಯ್ತ ಅರ್ಧ ದಪ್ಪವನ್ನು ಮೀರಕೂಡದು. ಆಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಉಕ್ಕಿನ ಮೊಳೆ. ಒಂದು ಗೆರೆಯ ಒಂದು ಬದಿಯನ್ನು ಕೆಳಗೆ ಒತ್ತಿ ಎಸಳನ್ನು ಮೇಲೆಬ್ಬಿಸುತ್ತದೆ. ಒಂದು ಎಲೆಗೆ ನರ ಮೂಡಿಸುತ್ತದೆ. ಒಂದು ಹೂವಿನ ಹೊಟ್ಟೆಯಲ್ಲಿ ಬೀಜ ತುಂಬುತ್ತದೆ. ಒಂದು ಹಿನ್ನೆಲೆಯನ್ನು ಚುಕ್ಕೆಚುಕ್ಕೆಯಾಗಿ ತಗ್ಗಿಸುತ್ತದೆ. ತೆಗೆದು ಎಸೆಯುವುದು ಏನೂ ಇಲ್ಲ. ಶಿಲ್ಪಿ ಬೇಡದ ಕಲ್ಲನ್ನು ಕೆತ್ತಿ ಬಿಸುಡುತ್ತಾನೆ. ಇವನು ಬೇಡದ್ದನ್ನು ಅಲ್ಲಿಯೇ ತಗ್ಗಿಸಿ ಬೇಕಾದ್ದನ್ನು ಏಳಿಸುತ್ತಾನೆ. ಕೊನೆಗೆ ಎಣ್ಣೆ. ಅಲ್ಲಿ ದನದ ಕಾಲೆಲುಬಿನಿಂದ ತೆಗೆದ ಎಣ್ಣೆ. ನಮ್ಮ ದಕ್ಷಿಣದ ತೊಗಲಿಗೆ ಹೊಂಗೆಯೆಣ್ಣೆ, ಎಳ್ಳೆಣ್ಣೆ.

ಇಷ್ಟೆಲ್ಲ ನಡೆಯಬೇಕಾದರೆ ಒಂದು ಕರಾರುಂಟು. ಚರ್ಮವನ್ನು ಗಿಡಮರಗಳ ತೊಗಟೆಯಿಂದ ಹದಮಾಡಿರಬೇಕು. ಈಗಿನ ಬೂಟುಗಳ ಮೆತ್ತನೆಯ ಚರ್ಮದಲ್ಲಿ ಬಹುಪಾಲು ಕ್ರೋಮಿಯಂ ಲವಣದಿಂದ ಹದವಾದದ್ದು. ಅದಕ್ಕೆ ಅಚ್ಚೊತ್ತಿದರೆ ರಬ್ಬರಿನಂತೆ ಮತ್ತೆ ಮೇಲೇಳುತ್ತದೆ, ಏನನ್ನೂ ನೆನಪಿಡುವುದಿಲ್ಲ. ತೊಗಟೆಯ ಒಗರು ಚರ್ಮದ ನಾರುಗಳ ಸಂದುಗಳನ್ನೆಲ್ಲ ತುಂಬಿಕೊಂಡಿರುವುದರಿಂದ, ಆ ಚರ್ಮ ತೇವದಲ್ಲಿ ಮಣಿಯುತ್ತದೆ, ಒಣಗಿದಾಗ ಮಣಿದ ಹಾಗೆಯೇ ನಿಲ್ಲುತ್ತದೆ.

ಆ ಒಗರು ನಮ್ಮ ಸೀಮೆಯ ಬೇಲಿಸಾಲಿನಲ್ಲಿಯೇ ಬೆಳೆಯುತ್ತದೆ. ಚನ್ನರಾಯಪಟ್ಟಣದಂಥ ಬಯಲುಸೀಮೆಯ ಒಣನೆಲದಲ್ಲಿ ಹಳದಿ ಹೂವಿನ ತಂಗಡಿ ಗಿಡವನ್ನು ಕಾಣದವರಿಲ್ಲ. ಅದರ ತೊಗಟೆಯೇ ದಕ್ಷಿಣದ ಚರ್ಮಕ್ಕೆ ಹದ. ಕೊನೆಯ ಪಾಕಕ್ಕೆ ಅಳಲೆಕಾಯಿ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್, ಮಾದಿಗರು ಚರ್ಮ ಹದಮಾಡುವ ಕ್ರಮವನ್ನು ಬೆಂಗಳೂರಿನಲ್ಲಿ ಕೇಳಿ ಬರೆದಿಟ್ಟ. ಊರಿಂದೂರಿಗೆ ಈ ಕ್ರಮದಲ್ಲಿ ವ್ಯತ್ಯಾಸವಿದ್ದರೂ ಮೂಲ ಒಂದೇ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುವುದು. ಮಾಂಸದ ಮೈಯನ್ನು ಹೆರೆಯುವುದು. ಸುಣ್ಣ ಹೋಗುವಂತೆ ತೊಳೆಯುವುದು. ಅನಂತರ ತೊಗಟೆಯ ನೀರು. ಚರ್ಮವನ್ನೇ ಚೀಲವಾಗಿ ಹೊಲಿದು, ಮರಕ್ಕೆ ತೂಗುಹಾಕಿ, ಒಳಗೆ ತೊಗಟೆಯನ್ನೂ ನೀರನ್ನೂ ತುಂಬುತ್ತಿದ್ದರು. ಒಗರುನೀರು ಚರ್ಮದ ಮೂಲಕ ತೊಟ್ಟುತೊಟ್ಟಾಗಿ ಜಿನುಗಿ ಕೆಳಗಿನ ಪಾತ್ರೆಗೆ ಬಿದ್ದರೆ ಅದನ್ನೇ ಮತ್ತೆ ಮೇಲಿನಿಂದ ಸುರಿಯುವುದು. ಇದರ ನಾರುವಿಕೆಯನ್ನು ಊರು ಸಹಿಸಲಿಲ್ಲ. ಊರ ಹೊರಗೆ ಇರಿಸಿತು. ನಾತದೊಡನೆ ಮನುಷ್ಯನನ್ನೂ ಹೊರಗಿರಿಸಿದ್ದು ಮಾತ್ರ ಚರ್ಮದ ಶಾಸ್ತ್ರಕ್ಕೆ ಸೇರಿದ್ದಲ್ಲ.

ಹೀಗೆ ಹದವಾದ ಚರ್ಮದಿಂದ ನಮ್ಮವರು ಏನು ಮಾಡಿದರು? ಹಲ್ಲಣಗಳನ್ನು ಮಾಡುವಷ್ಟು ಕುದುರೆಗಳು ಊರುಗಳಲ್ಲಿ ಇರಲಿಲ್ಲ. ನೇಗಿಲನ್ನು ನೊಗಕ್ಕೆ ಬಿಗಿಯುವ ಮಿಣಿ, ಎತ್ತಿನ ಕೊರಳಿನ ಪಟ್ಟಿ, ಬಾರುಕೋಲಿನ ಬಾರು, ಮೆಟ್ಟು, ತಮಟೆ. ಇವೆಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಕಪಿಲೆಯ ಬಾನಿ. ಅರಕಲಗೂಡು, ಹೊಳೆನರಸೀಪುರಗಳಿಗೆ ಹೊಳೆಯ ಕಾಲುವೆಗಳಿದ್ದವು. ಅವುಗಳಿಗಿಂತ ಒಣಗಿದ ಚನ್ನರಾಯಪಟ್ಟಣದ ಕಡೆ ಬಾವಿಯ ನೀರು ತೋಟಕ್ಕೆ ಹತ್ತಬೇಕಾದರೆ ಎತ್ತುಗಳು ಇಳಿಜಾರಿನಲ್ಲಿ ಇಳಿದು ಚರ್ಮದ ಬಾನಿಯನ್ನು ಎಳೆಯಬೇಕು.

ಆ ಬಾನಿಯ ರಚನೆಯನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಅಗಲವಾದ ಬಾಯಿ, ಕೆಳಗೆ ಆನೆಯ ಸೊಂಡಿಲಿನಂತೆ ಇಳಿಬಿದ್ದ ಉದ್ದನೆಯ ಕೊಳವೆ. ಬಾಯಿಗೊಂದು ದಪ್ಪ ಹಗ್ಗ, ಮೇಲಿನ ಗಾಲಿಯ ಮೇಲೆ. ಸೊಂಡಿಲಿಗೊಂದು ಸಣ್ಣ ಹಗ್ಗ, ಕೆಳಗಿನ ಉರುಳೆಯ ಮೇಲೆ. ಬಾವಿಯೊಳಗೆ ಇರುವಾಗ ಸೊಂಡಿಲು ಮೇಲಕ್ಕೆ ಮಡಿಸಿಕೊಂಡಿರುತ್ತದೆ, ನೀರು ಸೋರುವುದಿಲ್ಲ. ಮೇಲೆ ಬಂದೊಡನೆ ಸಣ್ಣ ಹಗ್ಗ ಸೊಂಡಿಲನ್ನು ತೊಟ್ಟಿಯ ಕಡೆಗೆ ಎಳೆಯುತ್ತದೆ, ಬಾನಿ ತಾನಾಗಿಯೇ ಬರಿದಾಗುತ್ತದೆ. ಬಾವಿಯ ಬಳಿ ಎರಡನೆಯ ಆಳು ಬೇಡ. ನೂರಾರು ಸಲ ನೀರಿಗೆ ಇಳಿದು ಬಿಸಿಲಿಗೆ ಏರುವ ಆ ಚರ್ಮ ಕೊಳೆಯಕೂಡದು, ಬಿರಿಯಕೂಡದು, ಹೊಲಿಗೆಯಲ್ಲಿ ಸೋರಕೂಡದು. ಮಡಿಸುವ ಜಾಗ ಮೆದುವಾಗಿರಬೇಕು, ಬಾಯಿ ಗಡುಸಾಗಿರಬೇಕು. ಒಂದೇ ಚರ್ಮದ ಬೆನ್ನಿನ ಭಾಗ ಎಲ್ಲಿಗೆ, ಹೊಟ್ಟೆಯ ಭಾಗ ಎಲ್ಲಿಗೆ ಎಂಬ ವಿವೇಚನೆ ಹಲ್ಲಣಗಾರನಿಗೆ ಹೇಗೆ ಬೇಕೋ ಬಾನಿ ಹೊಲಿಯುವವನಿಗೂ ಹಾಗೆಯೇ ಬೇಕು. ಅಲ್ಲಿ ಹಲ್ಲಣವನ್ನು ವರ್ಷಗಟ್ಟಲೆ ಕಲಿತು ಮಾಡಿದರೆ ಮಾಸ್ಟರ್ ಎನ್ನುತ್ತಾರೆ. ಇಲ್ಲಿ ಸುಗ್ಗಿಯಲ್ಲಿ ಕಣದ ಮೂಲೆಯಿಂದ ಇಷ್ಟು ರಾಗಿ ಅಳೆಯುತ್ತಿದ್ದರು.

ಕಪಿಲೆಯ ಅಂತ್ಯದಲ್ಲೊಂದು ವಿಚಿತ್ರವಿದೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಮದರಾಸಿನಲ್ಲಿದ್ದ ಆಲ್ಫ್ರೆಡ್ ಚ್ಯಾಟರ್ಟನ್ ಎಂಬ ಇಂಜಿನಿಯರು, ತೊಗಟೆಯ ಚರ್ಮಕ್ಕಿಂತ ನೀರಿನಲ್ಲಿ ಹೆಚ್ಚು ಬಾಳುತ್ತದೆಂದು ಕ್ರೋಮ್ ಚರ್ಮವನ್ನು ಬಳಕೆಗೆ ತಂದದ್ದರಲ್ಲಿ ಮುಖ್ಯ ಉದ್ದೇಶ ಈ ನೀರೆತ್ತುವ ಬಾನಿಯೇ. ಅದೇ ಚ್ಯಾಟರ್ಟನ್ ಎಣ್ಣೆಯ ಇಂಜಿನ್ನಿನಿಂದ ಬಾವಿಯ ನೀರೆತ್ತುವುದನ್ನೂ ಪ್ರಚಾರ ಮಾಡಿದ. ೧೯೧೦ರ ದಶಕದಲ್ಲಿ ಆತ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾಗಿಯೂ ಬಂದ. ಒಂದು ಕೈಯಿಂದ ಬಾನಿಯ ಆಯುಸ್ಸನ್ನು ಹೆಚ್ಚಿಸಹೊರಟು ಇನ್ನೊಂದು ಕೈಯಿಂದ ಅದರ ಕೊನೆಯನ್ನು ತಂದ. ವಿದ್ಯುತ್ತಿನ ಪಂಪು ಹಳ್ಳಿಹಳ್ಳಿಗೆ ಬಂದಮೇಲೆ ಕಪಿಲೆ ನಿಂತಿತು. ಅದರೊಡನೆ ಆ ಕೈಗೂ ಕೆಲಸ ನಿಂತಿತು. ಎತ್ತುಗಳಿಗೆ ಬಿಡುಗಡೆಯಾಯಿತೆಂಬುದನ್ನು ಮರೆಯಬಾರದು. ನನಗೆ ಕಪಿಲೆಯ ಬಗ್ಗೆ ಹಳಹಳಿಕೆಯೇನೂ ಇಲ್ಲ.

ಇನ್ನೊಂದು ಸಂಗತಿ ಹೆಸರಿನದು. ಅಮೆರಿಕದ ಆ ಹಲ್ಲಣದ ಮೇಲೆ, ಕಣ್ಣಿಗೆ ಬೀಳುವ ಜಾಗದಲ್ಲಿಯೇ, ಮಾಡಿದವನ ಹೆಸರೂ ಊರೂ ಒಂದು ಪುಟ್ಟ ಅಚ್ಚಿನಲ್ಲಿ ಒತ್ತಿತ್ತು. ಅದು ಅಲ್ಲಿನ ರೂಢಿ. ನಾನು ಹೇಳಿದ ಕಾಡುಗುಲಾಬಿಯ ಬಳ್ಳಿಗೂ ಒಬ್ಬನ ಹೆಸರು ಅಂಟಿಕೊಂಡಿದೆ. ವಯೋಮಿಂಗ್ ಪ್ರಾಂತದ ಶೆರಿಡನ್ ಎಂಬ ಸಣ್ಣ ಊರಿನ ಡಾನ್ ಕಿಂಗ್ ಆ ಶೈಲಿಯನ್ನು ರೂಪಿಸಿದವನು. ೧೯೨೩ರಲ್ಲಿ ಹುಟ್ಟಿ ೨೦೦೭ರಲ್ಲಿ ತೀರಿಕೊಂಡ. ೧೯೯೧ರಲ್ಲಿ ಅಮೆರಿಕ ಸರ್ಕಾರದ ಕಲಾಸಂಸ್ಥೆ ಜಾನಪದ ಕಲಾವಿದರಿಗೆ ಕೊಡುವ ರಾಷ್ಟ್ರೀಯ ಮನ್ನಣೆ ಈ ತೊಗಲಿನ ಕೆಲಸಗಾರನಿಗೆ ದೊರೆಯಿತು.

ನಮ್ಮಲ್ಲಿ ಕೆಲಸಗಾರ ತನ್ನ ಹೆಸರನ್ನು ಒತ್ತುವ ಪದ್ಧತಿಯೇ ಇರಲಿಲ್ಲವೆಂದು ಯಾರಾದರೂ ಹೇಳಿದರೆ ಅವರನ್ನು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಕರೆದೊಯ್ಯಬೇಕು. ೧೨೪೬ರಲ್ಲಿ ಬೊಮ್ಮಣ್ಣ ದಂಡನಾಯಕ ಅಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯ ಮೇಲೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳು ಇವೆ. ಮಲ್ಲಿತಮ್ಮನ ಸಹಿಯನ್ನು ಬೇರೆ ದೇವಾಲಯಗಳಲ್ಲಿಯೂ ಕಾಣಬಹುದು. ಹಳೇಬೀಡಿನ ಗೋಡೆಯಲ್ಲಿ ಸಾಲುಸಾಲಾಗಿ ಓಡುವ ಕುದುರೆಗಳನ್ನು ನೋಡಿ: ಕೊರಳಿಗೆ ಸರ, ಎದೆಗೆ ಪಟ್ಟಿ, ಬೆನ್ನ ಮೇಲೆ ಸವಾರ. ಕಲ್ಲಿನಲ್ಲಿ ಆ ಪಟ್ಟಿಯನ್ನು ಕೆತ್ತಿದವನ ಜಾತಿಗೆ ಸಹಿ ಹಾಕುವ ಹಕ್ಕಿತ್ತು. ನಿಜವಾದ ಕುದುರೆಯ ಮೇಲಿನ ನಿಜವಾದ ಪಟ್ಟಿಯನ್ನು 'ನಾನು ಹೊಲಿದೆ' ಎಂದು ಹೇಳಿದವನ ಹೆಸರು ಯಾವ ಗೋಡೆಯ ಮೇಲೂ ಬರಲಿಲ್ಲ. ೧೯೧೮ರ ಸೆಪ್ಟೆಂಬರಿನಲ್ಲಿ ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರಿನ ಲ್ಯಾನ್ಸರುಗಳೂ ಇದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ಅವರ ನೆನಪಿಗೆ ಪ್ರತಿಮೆ ನಿಂತಿದೆ. ಅಲ್ಲಿಯೂ ಸವಾರನೇ.

ಒಂದು ಕಡೆ ಮಾತ್ರ, ಒಂದೇ ಕಾಲಕ್ಕೆ, ಈ ಮೌನ ಮುರಿದಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಾದಾರ ಚೆನ್ನಯ್ಯನ ವಚನಗಳ ಅಂಕಿತವನ್ನು ಗಮನಿಸಬೇಕು. ಬೇರೆ ಹಲವರು ದೇವರ ಹೆಸರನ್ನು ಅಂಕಿತವಾಗಿಟ್ಟುಕೊಂಡರೆ, ಈತನ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಂಟ ಇವೆ. ಚರ್ಮ ಕೊಯ್ಯುವ ಉಪಕರಣಗಳೇ ಸಹಿಯ ಭಾಗವಾಗಿವೆ. ನಮ್ಮ ಚರ್ಮಕಾರನ ಹೆಸರಿನ ಅಚ್ಚು ಎಲ್ಲಿ ಎಂದು ಕೇಳಿದವರಿಗೆ ನಾನು ತೋರಿಸುವುದು ಇದನ್ನೇ. ಅದು ತೊಗಲಿನ ಮೇಲೆ ಬೀಳಲಿಲ್ಲ. ಮಾತಿನ ಮೇಲೆ ಬಿತ್ತು. ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟ ಹರಳಯ್ಯನ ಕಥೆಯನ್ನು ನಾವೆಲ್ಲ ಹೇಳುತ್ತೇವೆ. ಅದರಲ್ಲಿ ಭಕ್ತಿಯನ್ನು ಹೊಗಳುತ್ತೇವೆಯೇ ಹೊರತು, ತೊಗಲನ್ನು ಅಷ್ಟು ನಯವಾಗಿ ಹದಮಾಡುವ ಕೈ ಯಾರದು, ಅದನ್ನು ಎಲ್ಲಿ ಕಲಿತದ್ದು ಎಂದು ಕೇಳುವುದಿಲ್ಲ.

ಹೆಸರಿನ ಮಾತು ಹಳೆಯದಾಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಅಥಣಿ, ನಿಪ್ಪಾಣಿಗಳ ಕಡೆ ತೊಗಟೆಯಿಂದ ಹದಮಾಡಿದ ಚರ್ಮದ ಚಪ್ಪಲಿಗಳು ಕೊಲ್ಹಾಪುರಿಯೆಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ೨೦೧೯ರಲ್ಲಿ ಅವುಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ೨೦೨೫ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಅದೇ ಮಾದರಿಯ ಮೆಟ್ಟುಗಳನ್ನು ಮೂಲದ ಹೆಸರಿಲ್ಲದೆ ತೋರಿಸಿತು. ಗದ್ದಲವಾದಮೇಲೆ ಮೂಲವನ್ನು ಒಪ್ಪಿಕೊಂಡಿತು. ಅದೇ ವರ್ಷದ ಕೊನೆಗೆ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದವನ್ನೂ ಮಾಡಿಕೊಂಡಿತು. ಜಿಲ್ಲೆಗಳ ಹೆಸರು ಬಂತು, ಒಳ್ಳೆಯದೇ. ಹೊಲಿದವನ ಹೆಸರು ಬರುವುದು ಇನ್ನೂ ಬಾಕಿ.

ಹಾಗಾದರೆ ಹಾಸನದ ಕಡೆ ಹಲ್ಲಣಗಳನ್ನು ಮಾಡಬಹುದೇ? ಮಾಡಲಾರದ್ದೇನೂ ಅಲ್ಲ. ೧೮೬೦ರ ದಶಕದಲ್ಲಿ ಬ್ರಿಟಿಷರು ಕಾನ್ಪುರದಲ್ಲಿ ಸೈನ್ಯಕ್ಕಾಗಿ ಜೀನಿನ ಕಾರ್ಖಾನೆ ತೆರೆದರು. ಇಂದು ಅದೇ ಊರಿನಿಂದ ವೆಸ್ಟರ್ನ್ ಮಾದರಿಯವೂ ಸೇರಿದಂತೆ ಬಗೆಬಗೆಯ ಹಲ್ಲಣಗಳು ಹೊರದೇಶಗಳಿಗೆ ಹೋಗುತ್ತಿವೆ. ಕರ್ನಾಟಕದಲ್ಲಿಯೂ ೧೯೭೬ರಿಂದ ಲಿಡ್ಕರ್ ಇದೆ. ಕುಣಿಗಲ್ಲಿನಲ್ಲಿ ಕುದುರೆ ತಳಿಯ ಹಳೆಯ ಫಾರಂ, ಮೈಸೂರಿನಲ್ಲಿ ಅಶ್ವಾರೋಹಿ ಪೊಲೀಸ್ ದಳ ಇವೆ. ಆದರೆ 'ನಿಮ್ಮ ಕುಲಕಸುಬಿಗೆ ಮರಳಿ' ಎಂಬ ಉಪದೇಶವನ್ನು ಮಾತ್ರ ನಾನು ಒಪ್ಪಲಾರೆ. ಸತ್ತ ದನ ಹೊರುವ ಕೆಲಸವನ್ನು ಬಿಡಿರೆಂದು ಅಂಬೇಡ್ಕರರು ಕರೆಕೊಟ್ಟಾಗ ಅದನ್ನು ಕೇಳಿ ಬಿಟ್ಟವರು ಸರಿಯಾದುದನ್ನೇ ಮಾಡಿದರು. ಅವರ ಮಕ್ಕಳು ಮೇಷ್ಟರಾದರು, ಗುಮಾಸ್ತರಾದರು, ಇಂಜಿನಿಯರುಗಳಾದರು, ಆಗಬೇಕಾದದ್ದೇ. ಡಾನ್ ಕಿಂಗ್ ಹಲ್ಲಣಗಾರನಾದದ್ದು ತಾನು ಆರಿಸಿಕೊಂಡು. ಆರಿಸಿಕೊಳ್ಳುವ ಹಕ್ಕಿಲ್ಲದೆ ಬಂದ ವಿದ್ಯೆಯನ್ನು ಕಲೆಯೆಂದು ದೂರದಲ್ಲಿ ನಿಂತು ಹೊಗಳುವುದು ನಮ್ಮಂಥವರಿಗೆ ಸುಲಭ.

ಕಸುಬು ಹೋಗಲಿ, ತಿಳಿವಳಿಕೆ ಹೋಗಬೇಕಾಗಿಲ್ಲ. ಯಾರ ಮಗನಾದರೂ, ಯಾರ ಮಗಳಾದರೂ ಇಷ್ಟಪಟ್ಟು ಕಲಿಯಹೊರಟರೆ ಅವರ ಕೈಗೆ ಒಂದು ಪುಸ್ತಕವಾದರೂ ಸಿಕ್ಕಬೇಕು. ಅಮೆರಿಕದಲ್ಲಿ ಹಲ್ಲಣ ಮಾಡುವ ವಿದ್ಯೆಗೆ ಚಿತ್ರಸಹಿತವಾದ ಸಂಪುಟಗಳಿವೆ. ಪ್ರತಿಯೊಂದು ಕೊಯ್ತಕ್ಕೂ ಅಳತೆಯಿದೆ. ಬಾನಿಗೆ, ಮಿಣಿಗೆ, ಚರ್ಮದ ಹರಿಗೋಲಿಗೆ ಕನ್ನಡದಲ್ಲಿ ಅಂಥ ಅಳತೆಯ ಪುಸ್ತಕ ಬೇಕು. ಬಾನಿ ಹೊಲಿದ ಕೈಗಳು ಕೆಲವಾದರೂ ನಮ್ಮ ನಡುವೆ ಇನ್ನೂ ಇವೆ. ವಯಸ್ಸು ಎಂಬತ್ತರ ಆಚೆ ಈಚೆ.

ಚಳಿಗಾಲದಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದಲ್ಲಿ ದನಗಳ ಜಾತ್ರೆ ಕೂಡುತ್ತದೆ. ಅರಕಲಗೂಡಿನ ರಾಮನಾಥಪುರದಲ್ಲಿ ಸುಬ್ರಹ್ಮಣ್ಯನ ಷಷ್ಠಿಯ ಜಾತ್ರೆ. ಹಳ್ಳಿಕಾರ್ ಎತ್ತುಗಳನ್ನು ನೋಡಲು ಕಾಲೇಜಿನ ಹುಡುಗರೂ ಅಲ್ಲಿಗೆ ಹೋಗುತ್ತಾರೆ, ಚಿತ್ರ ತೆಗೆಯುತ್ತಾರೆ. ಅವರಲ್ಲಿ ಇಬ್ಬರು ಮೂವರು ಎತ್ತಿನ ಕೊಂಬಿನಿಂದ ಕಣ್ಣನ್ನು ಸ್ವಲ್ಪ ಕೆಳಗಿಳಿಸಿ ಕೊರಳ ಪಟ್ಟಿಯನ್ನು ನೋಡಲಿ. ಅದನ್ನು ಹೊಲಿದವರು ಯಾರು, ಯಾವ ಊರು ಎಂದು ವಿಚಾರಿಸಲಿ. ಆ ಮನೆಗೆ ಹೋಗಿ, ಅವರು ಒಪ್ಪಿದರೆ ಕುಳಿತು, ಬಾನಿಯ ಸೊಂಡಿಲಿಗೆ ಎಷ್ಟು ಮೊಳ ಚರ್ಮ, ಮಡಿಕೆಯಲ್ಲಿ ಯಾವ ಹೊಲಿಗೆ, ರಂಪಿಗೆಯನ್ನು ಯಾವ ಕಲ್ಲಿಗೆ ಮಸೆಯುತ್ತಿದ್ದರು, ತಂಗಡಿ ತೊಗಟೆಯನ್ನು ಯಾವ ತಿಂಗಳಲ್ಲಿ ಬಿಡಿಸುತ್ತಿದ್ದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಮೇಲೆ ಅವರ ಹೆಸರನ್ನೂ ಬರೆಯಲಿ.